ಹೊಳೆಗೆ ಹೋದ ಚೆಂಡುಗಳು

ಮೆರ್ಸೇದೆಸ್ ಊರಿನ ಮಕ್ಕಳ ಫುಟ್‌ಬಾಲ್ ಕ್ಲಬ್ಬಿಗೆ
ನಾನು ಲೆಕ್ಕ ತಪಾಸಿಗ. ಸಂಬಳವಿಲ್ಲ.
ವರ್ಷಕ್ಕೊಮ್ಮೆ, ಡಿಸೆಂಬರಿನ ಸೆಕೆಯಲ್ಲಿ,
ಒಫೇಲಿಯಾ ಎಚೆಗಾರಾಯ್ ಹಸಿರು ರಟ್ಟಿನ ಪುಸ್ತಕವನ್ನು
ಕ್ಯಾಂಟೀನಿನ ಮೇಜಿನ ಮೇಲೆ ಬಿಚ್ಚುತ್ತಾಳೆ.
ಎಣ್ಣೆ ಕಲೆ ಪುಟದಿಂದ ಪುಟಕ್ಕೆ ಇಳಿದಿರುತ್ತದೆ,
ಹಿಂದಿನ ಬಾಕಿಯ ಹಾಗೆ.

ಜಮಾ: ಅರವತ್ತೆರಡು ಮಕ್ಕಳ ತಿಂಗಳ ಶುಲ್ಕ.
ಜಮಾ: ಲಾಟರಿಗಿಟ್ಟ ಕುರಿಮರಿ. ಗೆದ್ದವರು
ಸಾಕಲಾರೆವೆಂದು ಮರಳಿಸಿದರು, ಇನ್ನೊಮ್ಮೆ ಇಟ್ಟೆವು.
ಜಮಾ: ಕರಿದ ರೊಟ್ಟಿ.
ಮಳೆ ಹನಿದರೆ ನಮ್ಮ ಕಡೆ
ರೊಟ್ಟಿ ಕರಿಯದ ಮನೆಯಿಲ್ಲ.
ಪಂದ್ಯ ನಿಂತು ಟಿಕೆಟ್ಟಿನ ದುಡ್ಡು ಮುಳುಗಿದರೂ
ಜನ ಕೊಡೆ ಹಿಡಿದು ಸಾಲುಗಟ್ಟುತ್ತಾರೆ.
ನಮ್ಮ ಪುಸ್ತಕದಲ್ಲಿ ಮಳೆಗೆ ಎರಡೂ ಕಡೆ ಜಾಗ.

ಖರ್ಚು: ರೆಫರಿ, ಗೆರೆಯ ಸುಣ್ಣ, ದೀಪದ ಬಿಲ್ಲು,
ದೊಲೋರೆಸ್‌ಗೆ ಹೋಗಿ ಆರು ಗೋಲು ತಿಂದು ಬಂದ ಬಸ್ಸು.
ಖರ್ಚು: ಹೊಳೆಗೆ ಹೋದ ಚೆಂಡು, ಒಂದು.
ಏಪ್ರಿಲಿನಲ್ಲಿ ಮತ್ತೊಂದು.
ಮೇನಲ್ಲಿ.
ನವೆಂಬರಿನ ಹೊತ್ತಿಗೆ ಒಂಬತ್ತು.

"ರಸೀದಿ?" ಎಂದೆ.
"ಹೊಳೆ ರಸೀದಿ ಕೊಡುವುದಿಲ್ಲ, ಎಲ್ಬಿಯೋ."

ಮೈದಾನದಿಂದ ಹೊಳೆಗೆ ಹನ್ನೊಂದು ಬೀದಿ.
ನಡುವೆ ಒಂದು ಚರ್ಚು, ಒಂದು ಗ್ಯಾರೇಜು,
ನಾನು ಮೂವತ್ತನಾಲ್ಕು ವರ್ಷ ಕೂತು
ಬಿಡಿಗಾಸನ್ನೂ ಬಿಡದೆ ತಾಳೆ ನೋಡಿದ ಬ್ಯಾಂಕು.
ಜಮಾ ಬದಿಗೆ ಬೆರಳು ಸರಿಸಿದೆ.
ಅದೇ ತಾರೀಕು, ಅದೇ ಮುನ್ನೂರೈವತ್ತು ಪೆಸೊ:
ಮಾಯ್ಕೊಲ್ ಸೆಲಾಯಾ, ಶುಲ್ಕ, ಸಂದಿದೆ.
ಆಸ್ಪತ್ರೆಯ ನೆಲ ಒರೆಸುತ್ತಿದ್ದ ಅವನ ತಾಯಿಗೆ
ಮಾರ್ಚಿನಿಂದ ಕೆಲಸವಿಲ್ಲವೆಂದು ಊರಿಗೇ ಗೊತ್ತು.
ಶುಲ್ಕ ಸಲ್ಲದಿದ್ದರೆ ಕಾರ್ಡಿಗೆ ಮುದ್ರೆಯಿಲ್ಲ,
ಮುದ್ರೆಯಿಲ್ಲದವನು ಗೆರೆಯಾಚೆ. ನಿಯಮ ಬರೆದವನು ನಾನೇ.

ಒಂಬತ್ತು ಬಂದು ಒಂಬತ್ತು ಹೋಗಿ
ಪೆಟ್ಟಿಗೆಯ ದುಡ್ಡಿಗೂ ಪುಸ್ತಕಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

"ಹನ್ನೊಂದು ಬೀದಿ ದಾಟಿ ಒದೆಯುವ ಹುಡುಗ
ನಮ್ಮಲ್ಲಿ ಯಾರಿದ್ದಾನೆ?" ಎಂದೆ.

ಅವಳು ಬಾಣಲೆ ಉಜ್ಜುವುದನ್ನು ನಿಲ್ಲಿಸಲಿಲ್ಲ.
"ಒಬ್ಬನಿದ್ದಾನೆ. ಎಡಗಾಲಿನವನು."

ಪೆನ್ನಿನ ಮುಚ್ಚಳ ತೆಗೆಯಲು ಬಹಳ ಹೊತ್ತು ಹಿಡಿಯಿತು.
ಆಮೇಲೆ ಸಹಿ ಹಾಕಿ, ಕೆಳಗೆ ಷರಾ ಬರೆದೆ:
ಹೊಳೆಯ ಬದಿಗೆ ಬಲೆ ಕಟ್ಟುವ ಅಗತ್ಯ ಕಾಣುವುದಿಲ್ಲ.

ಎದ್ದಾಗ ಕಾಗದದಲ್ಲಿ ಸುತ್ತಿ ಒಂದು ರೊಟ್ಟಿ ಕೊಟ್ಟಳು.
ಹೊರಗೆ ಮಳೆಯಿರಲಿಲ್ಲ.
ದುಡ್ಡು ಮಾತ್ರ ಎಣಿಸಿ ತೆಗೆದುಕೊಂಡಳು.