ತಲಿ ಇಲ್ಲದ ಮೀನ

ಶಹಾಪುರದ ಕಡೀ ಟ್ರಿಪ್ಪು ಮುಗಿಸಿ
ಡಿಪೋದಾಗ ಲೆಕ್ಕ ಒಪ್ಪಿಸಿ ಹೊರಬೀಳೂದರಾಗ
ಯಾದಗಿರಿ ಸಂತಿಕಟ್ಟಿ ತೊಳದು ಬಿಟ್ಟಿರತಾರ.
ಮೀನಿನ ಪುಟ್ಟಿ ಬೋರಲ,
ಬೆಕ್ಕು ಸೈತ ಮನಿಗಿ ಹೋಗಿರತಾವ.
ಸ್ಟೇಷನ್ ರೋಡಿನ ಹೊಸಾ ಮಾರ್ಟಿನಾಗ ಮಾತ್ರ ದೀಪ.
ಅಲ್ಲಿ, ಸೋಪಿನ ಪುಡಿ ಪಕ್ಕ,
ಒಂದಕ್ಕೊಂದು ಪುಕ್ಕಟ ಅಂತ ಚೀಟಿ ಹಚ್ಚಿದ
ಟ್ಯೂನಾ ಮೀನಿನ ಡಬ್ಬಿ.
ತಾರೀಖು ಮುಗೀಲಿಕ್ಕಿ ಇನ್ನ ಎರಡು ತಿಂಗಳು.
ನಾಕು ತಗೊಂಡೆ, ಎಂಟಾದವು.

ನಮ್ಮತ್ತಿ ಸಾಬವ್ವ ಭೀಮಾ ದಂಡಿಯಾಕಿ.
ನಲವತ್ತು ವರ್ಷ ಪುಟ್ಟಿ ಹೊತ್ತಾಳ.
ಕಿವಿರು ಎತ್ತಿ ನೋಡಿ
ಯಾವ ಮಡುವಿನ ಮೀನ, ಎಷ್ಟೊತ್ತಿಗಿ ಬಲಿಗಿ ಬಿತ್ತು
ಹೇಳೂವಾಕಿ.
ಡಬ್ಬಿ ಕಿವಿ ಹಂತ್ಯಾಕ ಹಿಡದು ಅಲಗಾಡಿಸಿದಳು.
"ಇದರ ತಲಿ ಎಲ್ಲದವಾ?"
ತಲಿ ಇಲ್ರೀ ಅತ್ತಿ.
"ಮುಳ್ಳು?"
ಅದೂ ಇಲ್ಲ.
"ಹಂಗಾರ ಇದು ಮೀನಂತ ನಿನಗ ಹೇಳಿದವರ್ಯಾರು?"

ನಮ್ಮ ಮನ್ಯಾಗ ತಲಿಗಿ ಒಂದು ಲೆಕ್ಕ ಅದ.
ಮಾವ ಇರೂತನಕ ಮಾವನ ತಾಟಿಗಿ,
ಅಂವ ಹ್ವಾದ ಮ್ಯಾಲ ಅತ್ತಿ ತಾಟಿಗಿ,
ಹಬ್ಬಕ್ಕ ಬಂದ ನಾದಿನಿಗಿ ಅದರ ಮ್ಯಾಲೇ ಕಣ್ಣು.
ಹದಿನಾಕು ವರ್ಷದಿಂದ
ನನ್ನ ಪಾಲು ಬಾಲ.

ಮೊದಲನೇ ರಾತ್ರಿ ಮುಚ್ಚಳ ಎಳದು
ಹಂಗೇ ತಾಟಿಗಿ ಸುರವಿದೆ.
ತೊಯ್ದ ಹತ್ತಿ.
ಮಗಳು ಭಾಗಿ ರೊಟ್ಟಿ ಮುರದು
ಬರೇ ಉಳ್ಳಾಗಡ್ಡಿ ತಿಂದೆದ್ದಳು.
ಗಂಡ ಏನೂ ಅನಲಿಲ್ಲ, ಉಪ್ಪಿನಕಾಯಿ ಕೇಳಿದ.
ಎರಡನೇ ಡಬ್ಬಿಗಿ ನಿಂಬಿಹಣ್ಣು, ಹಸಿಮೆಣಸಿನಕಾಯಿ.
ಖಾರ ಆಯಿತು, ಮೀನ ಆಗಲಿಲ್ಲ.
ಮೂರನೇದು ಪುಂಡಿಪಲ್ಯದಾಗ ಕಲಸಿದೆ.
ಪುಂಡಿ ಗೆದ್ದಿತು.
ಟಿಕೀಟು ತಗೊಂಡೂ ಸೀಟು ಸಿಗದ ಮುದುಕನಂಗ
ಮೀನ ಮೂಲ್ಯಾಗ ನಿಂತಿತ್ತು.

ನಾಕನೇ ರಾತ್ರಿ ಅತ್ತಿಗಿ ತಡಕೊಳ್ಳಲಿಕ್ಕಿ ಆಗಲಿಲ್ಲ.
"ಸರಿ ಆಕಡಿ" ಅಂದು ಒಲಿ ಮುಂದ ಕುಂತಳು.
"ಮೊದಲ ನೀರು ಹಿಂಡು.
ನೀರಾಗ ಇರೂತನಕ ಯಾವ ಮೀನೂ ರುಚಿ ಕೊಡಂಗಿಲ್ಲ."
ರೊಟ್ಟಿ ಹಂಚೇ ಕಾಯಿಸಿ ಕುಸುಬಿ ಎಣ್ಣಿ ಬಿಟ್ಟಳು,
ಜೀರಗಿ, ಸಿಪ್ಪಿ ಸಮೇತ ಜಜ್ಜಿದ ಬಳ್ಳೊಳ್ಳಿ,
ಮೀನ ಹರವಿ ಕೈ ಕಟಗೊಂಡು ಕುಂತುಬಿಟ್ಟಳು.
ನಾ ಸವಟು ಹಾಕಲಿಕ್ಕಿ ಹ್ವಾದರ ಕೈಗಿ ಬಿತ್ತು ಏಟು.
"ಬಿಡು. ತಳ ಹಿಡೀಲಿ, ಅಂಚು ಕೆಂಪಾಗಲಿ.
ಎಲುವಿಲ್ಲದ ಜೀವಕ್ಕ
ಒಂದೀಟು ಗಟ್ಟಿತನ ಬರಲಿ."
ಆಮ್ಯಾಲ ಮಸಾಲಿ ಖಾರ,
ಶೇಂಗಾ ಹಿಂಡಿ ಒಂದು ಮುಟಗಿ,
ಹುಣಸಿ ರಸ, ಇಳಿಸೂಮುಂದ ಕೊತ್ತಂಬರಿ.

ಓಣಿ ತುಂಬ ಘಾಟು.
ಗ್ವಾಡಿ ಆಚೆಯಿಂದ ಹಣಮವ್ವ ಕೆಮ್ಮಿಕೋತ ಕೇಳಿದಳು,
"ಸಾಬಕ್ಕಾ, ಇಷ್ಟೊತ್ತಿನಾಗ ಎಲ್ಲಿ ಸಿಕ್ಕಿತು ಮೀನ?"
"ಹೊಳ್ಯಾಗ" ಅಂದಳು ಅತ್ತಿ,
ಹೊಳ್ಳಿ ನೋಡದೇ.

ನಾಕು ತಾಟು.
ಅತ್ತಿ ಕೈ ಹಂಚಿನ ಮ್ಯಾಲ ಒಂದು ಗಳಿಗಿ ನಿಂತಿತು,
ತಲಿ ಹುಡುಕಿತೇನೋ.
ತಲಿ ಇಲ್ಲ, ಬಾಲ ಇಲ್ಲ, ಯಾರ ತುಂಡು ಯಾವುದಂತಿಲ್ಲ.
ತಳಕ್ಕ ಹತ್ತಿದ ಕೆಂಪು ಚೆಕ್ಕಿ ಕೆರದು ಎಬ್ಬಿಸಿ
ನನ್ನ ರೊಟ್ಟಿ ಮ್ಯಾಲ ಹಾಕಿದಳು.
ಕರುಂ ಅಂದಿತು ಹಲ್ಲಿಗಿ.
ಭಾಗಿ ತನ್ನ ತಾಟು ಬಿಟ್ಟು ನನ್ನ ತಾಟು ನೋಡಲತ್ತಿದ್ದಳು.

ಮರುದಿನ ಸಂತ್ಯಾಗ ಯಾರೋ ಕೇಳಿದರಂತ,
ಡಬ್ಬಿ ಮೀನ ಹೆಂಗಿರತದ ಸಾಬವ್ವಾ?
"ಥೂ, ಹೊಳಿ ಬಾಜೂಕ ಹುಟ್ಟಿದವರು
ಅದನ್ನ ತಿಂತೀವೇನು?"
ಅಂದು ಜಿಲೇಬಿ ಮೀನು ತಕ್ಕಡಿಗಿ ಎಸದಳಂತ.
ತೊಳದ ಖಾಲಿ ಡಬ್ಬ್ಯಾಗ
ಬಲಿಯ ಸೀಸದ ಗುಂಡು ತುಂಬಿಟ್ಟಾಳ.

ಸಂಜಿಮುಂದ ಬಸ್ಸು ಭೀಮಾ ಬ್ರಿಜ್ ದಾಟೂವಾಗ
ಫೋನು ಬಂತು.
"ಇನ್ನ ಎಷ್ಟು ಉಳದಾವ?"
ನಾಕು, ಅಂದೆ.
ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.
"ಬರ್ತಾ ಬಳ್ಳೊಳ್ಳಿ ತಗೊಂಬಾ."
ಕೆಳಗ ಹೊಳಿ ಕಾಣಲಿಲ್ಲ, ಕತ್ತಲಾಗಿತ್ತು.
ಹಿಂದಿನ ಸೀಟಿನವರು
ಆವಾಗಿಂದ ಚಿಲ್ಲರ ಕೇಳಲತ್ತಿದ್ದರು.