ಚೆಕ್ಕುಬಂದಿ

ಚಿಂತಾಮಣಿಯ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು
ಹೊಂಗೆ ಮರದ ಕೆಳಗೆ ನನ್ನ ಟೇಬಲ್ಲು.
ಇಪ್ಪತ್ತೆರಡು ವರ್ಷದಿಂದ ಊರಿನ ನೆಲವೆಲ್ಲ
ನನ್ನ ಹತ್ತು ಬೆರಳಿನ ಕೆಳಗೇ ಕೈ ಬದಲಾಗಿದೆ.
ಕ್ರಯ, ಭೋಗ್ಯ, ದಾನ, ವಿಭಾಗ,
ಪುಟಕ್ಕೆ ಮೂವತ್ತು ರೂಪಾಯಿ.

ನನ್ನ ಪಾಲಿನ ನೆಲಕ್ಕೆ ಮಾತ್ರ ಕಾಗದವಿಲ್ಲ.

ಮೂರನೇ ಮಹಡಿಯಲ್ಲಿ, ಬಟ್ಟೆ ಒಣಹಾಕುವ ತಂತಿಯಡಿ,
ಪೇಂಟ್ ಡಬ್ಬದಲ್ಲಿ ಮೆಂತ್ಯ ಬೆಳೆದು ಸಾಕಾಗಿ
ಗಂಗುಲಪ್ಪನವರ ಮೂವತ್ತು-ನಲವತ್ತರ ಸೈಟು ಕೇಳಿದೆ.
ಏಳು ವರ್ಷದಿಂದ ಹಾಗೇ ಬಿದ್ದದ್ದು; ಸೀಮೆಜಾಲಿ, ಒಡೆದ ಬಾಟಲಿ,
ಯಾರದೋ ಮನೆ ಕೆಡವಿದ ಗಾರೆ.
ತಿಂಗಳಿಗೆ ಐನೂರು, ಮುಂಗಡ ಮೂರು ಸಾವಿರ.
ಕರಾರು ನಾನೇ ಹೊಡೆದು ತರುತ್ತೇನೆ, ಪುಕ್ಕಟೆ, ಅಂದೆ.

"ಕಾಯಿತಂ ಎಂದುಕಮ್ಮಾ" ಅಂದರು,
ಎಲೆಗೆ ಸುಣ್ಣ ಸವರುತ್ತ.

ಎಪ್ಪತ್ತನಾಲ್ಕರಲ್ಲಿ ಅವರಪ್ಪ
ಗುತ್ತಿಗೆಯವನಿಗೆ ಒಂದು ಚೀಟಿ ಬರೆದುಕೊಟ್ಟಿದ್ದರಂತೆ,
ಒಂದೇ ಒಂದು, ಬೆನ್ನಿಗೆ ರಾಗಿ ಲೆಕ್ಕವಿದ್ದ ಚೀಟಿ.
ಅದನ್ನು ಹಿಡಿದು ಅವನು ಡಿಕ್ಲರೇಷನ್ ಹಾಕಿದ.
ಕೆರೆ ಕೆಳಗಿನ ಮೂರೆಕರೆ ಹೋಯಿತು.
"ಸಾಯೋವರೆಗೂ ನಮ್ಮಪ್ಪ ಆ ದಿಕ್ಕಿಗೆ ತಲೆ ಹಾಕಿ ಮಲಗಲಿಲ್ಲ."

ಆ ಮೂರೆಕರೆಯ ವಿಭಾಗಪತ್ರ
ಹೋದ ವರ್ಷ ನನ್ನ ಟೇಬಲ್ಲಿಗೇ ಬಂದಿತ್ತು.
ಹೇಳಲಿಲ್ಲ.

ಬೇರು ಆಳಕ್ಕಿಳಿಯುವುದೇನೂ ಬೇಡ, ಅಂದರು.
ನುಗ್ಗೆ ಬೇಡ. ಕರಿಬೇವು ಬೇಡ. ನಿಂಬೆಯಂತೂ ಬೇಡವೇ ಬೇಡ.
ಸೊಪ್ಪು ಹಾಕ್ಕೊ, ಮೂರು ತಿಂಗಳಲ್ಲಿ ಮುಗಿಯೋ ಅಂಥದ್ದು.
ಗೂಟ ಹೊಡೀಬೇಡ, ಕಲ್ಲು ಜೋಡಿಸಬೇಡ.
ಯಾರಾದರೂ ಕೇಳಿದರೆ, ನೆಂಟಸ್ತಿಕೆ ಅನ್ನು.

ಹಾಗೆ ನಾನು ಗಂಗುಲಪ್ಪನವರ ನೆಂಟಳಾದೆ,
ತಿಂಗಳಿಗೆ ಐನೂರರಂತೆ.

ಎರಡು ತಿಂಗಳು ಬರೀ ಗಾಜು ಆರಿಸಿದೆ.
ಶಿಡ್ಲಘಟ್ಟದಿಂದ ರೇಷ್ಮೆಹುಳದ ಹಿಕ್ಕೆ ನಾಲ್ಕು ಮೂಟೆ ತಂದೆ;
ಕಂಡಕ್ಟರ್ ಮೂಗು ಮುಚ್ಚಿಕೊಂಡೇ
ಮೂಟೆಗೊಂದು ಟಿಕೆಟ್ ಹರಿದ.
ನೀರು ಟ್ಯಾಂಕರಿನದು, ಡ್ರಮ್ಮಿಗೆ ಅರವತ್ತು.
ದಂಟು ಬಂತು, ಸಬ್ಬಸಿಗೆ ಬಂತು.
ಆಷಾಢದಲ್ಲಿ ಒಂದು ಸಾಲು ಅವರೆ ಊರಿದೆ, ಕೇಳದೆ.
ಅದು ಮೂರು ತಿಂಗಳ ಬೆಳೆಯಲ್ಲ ಅಂತ ನನಗೆ ಗೊತ್ತಿತ್ತು.

ಗೌರಿ ಹಬ್ಬದ ಹಿಂದಿನ ದಿನ ಬಂದವರು
ಬಳ್ಳಿಯ ಕಡೆ ನೋಡಿದರು, ಏನೂ ಅನ್ನಲಿಲ್ಲ.
ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಮೂಸಿ
"ಭೂಮಿ ಹದವಾಗಿದೆಯಲ್ಲಾ" ಅಂದು
ಐನೂರನ್ನು ಎಂಟುನೂರು ಮಾಡಿದರು.
ಆ ಹದಕ್ಕೆ ನಾಲ್ಕು ಟಿಕೆಟ್ಟು ಇನ್ನೂ ನನ್ನ ಪರ್ಸಿನಲ್ಲಿತ್ತು.

ಮಾರ್ಗಶಿರದ ಚಳಿಗೆ ಕಾಯಿ ಸೊಗಡು ಹಿಡಿದು
ಬೆರಳಿಗೆ ಅಂಟುವ ಹೊತ್ತಿನಲ್ಲಿ
ಟೇಬಲ್ಲಿಗೇ ಬಂದರು, ಜೊತೆಗೆ ಶಾಮಿಯಾನದ ಬಾಬಾಜಾನ್.
ಕಂಬ, ಕುರ್ಚಿ, ಹಂಡೆ ಇಡಲು ಜಾಗ ಬೇಕಂತೆ. ಆರು ಸಾವಿರ.
ಕಾಗದವಿಲ್ಲದೆ ಬಾಬಾಜಾನ್ ಒಪ್ಪನಂತೆ.
ಛಾಪಾಕಾಗದ ಮುಂದಿಟ್ಟು ಗಂಗುಲಪ್ಪ ಅಂದರು:
"ನೀನೇ ಹೊಡಿ ತಾಯಿ. ನಿನಗೆ ಜಾಗ ಗೊತ್ತಲ್ಲ."

ಪೂರ್ವಕ್ಕೆ ಇಪ್ಪತ್ತಡಿ ರಸ್ತೆ.
ಪಶ್ಚಿಮಕ್ಕೆ ನಾರೆಪ್ಪನವರ ಸ್ವತ್ತು
(ಅವರ ಎಮ್ಮೆ ಎರಡು ಸಲ ದಂಟು ಮೇದಿತ್ತು, ಅದನ್ನು ಹೊಡೆಯಲಿಲ್ಲ).
ಉತ್ತರಕ್ಕೆ ಚರಂಡಿ.
ದಕ್ಷಿಣಕ್ಕೆ ಸೈಟ್ ನಂಬರ್ ನಲವತ್ತೆಂಟು.
ಈ ಮಧ್ಯೆ ಇರುವ ಖಾಲಿ ನಿವೇಶನ.

'ಖಾಲಿ' ಅನ್ನುವಲ್ಲಿ ಬೆರಳು ನಿಂತಿತು ಅಂತ ಬರೆಯಬೇಕೆಂದಿದ್ದೆ.
ನಿಲ್ಲಲಿಲ್ಲ. ಅಭ್ಯಾಸದ ಬೆರಳು, ಹೋಗಿಬಿಟ್ಟಿತು.
ಓದಿ ನೋಡುವಾಗಲೇ ಕಂಡಿದ್ದು,
ಕೀಲಿಗಳ ಮೇಲೆ ಬೆಳಗಿನ ಸೊಗಡಿನ ಜಿಡ್ಡು.

ಹದಿನೈದು ದಿನ ಕೊಡಿ, ಕಾಯಿ ಬಲೀಲಿ, ಅಂದೆ.
ಗಂಗುಲಪ್ಪ ಬಾಬಾಜಾನನ ಮುಖ ನೋಡಿದರು.
ಬಾಬಾಜಾನ್ ಫೋನಿನಲ್ಲಿ ಮುಹೂರ್ತಗಳನ್ನು ನೋಡಿ
ಎಂಟು, ಅಂದ. ಆಮೇಲೆ ಮೆಲ್ಲಗೆ,
"ಅಕ್ಕಾ, ಕೆಜಿ ಹೆಂಗೆ?"

ಎರಡು ಪುಟ. ಅರವತ್ತು ಎಣಿಸಿಕೊಂಡೆ.
ಮುಂಗಡದ ಮೂರು ಸಾವಿರ ಕೇಳಿದೆ.
ಗಂಗುಲಪ್ಪ ಜೇಬು ಮುಟ್ಟಿ ನೋಡಿಕೊಂಡು,
"ಎಲ್ಲಿಗೆ ಹೋಗುತ್ತೆ, ಸಂಜೆ ಮನೆ ಕಡೆ ಬಾ,
ನೆಂಟಸ್ತಿಕೆ ಅಲ್ವಾ" ಅಂದರು.