ಲೆಫ್ಟ್

ಗ್ರಿಮ್ಸ್‌ಬಿಯ ಮೀನುದಕ್ಕೆಯ ಹಿಂದಿನ ಓಣಿಗಳಲ್ಲಿ
ಡ್ರೈವಿಂಗ್ ಕಲಿಸುತ್ತಾಳೆ ಬೆರಿಲ್ ಹ್ಯಾಟ್‌ಕ್ಲಿಫ್.
ದಿನಕ್ಕೆ ನೂರು ಸಲ ಲೆಫ್ಟ್ ಅನ್ನುತ್ತಾಳೆ,
ಚಿಲ್ಲರೆ ಎಣಿಸಿ ಕೊಟ್ಟಷ್ಟು ಸಲೀಸಾಗಿ.

ಇವತ್ತಿನವನು ರಿಮಾಂತಸ್, ಲಿಥುವೇನಿಯಾದವನು,
ಹ್ಯಾಡಕ್ ಸೀಳುವ ಕೆಲಸ, ಉಗುರಲ್ಲಿನ್ನೂ ಹುರುಪೆ.
"ನಿಮ್ಮ ಗಂಡ?" ಎಂದ, ಸುಮ್ಮನೆ, ಗೇರು ಬದಲಿಸುತ್ತ.
"ಲೆಫ್ಟ್," ಎಂದಳು.
ಅವನು ಇಂಡಿಕೇಟರ್ ಹಾಕಿ
ಎಡಕ್ಕೆ ತಿರುಗಿಯೇಬಿಟ್ಟ.

ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ನಕ್ಕಳು ಬೆರಿಲ್.
ಮಾರ್ಚಿನಲ್ಲಿ ಹೋದವನಿಗೂ ಅದೇ ಮಾತು,
ಉಳಿದದ್ದಕ್ಕೂ ಅದೇ:
ಕಂತು ತೀರದ ಈ ಕಾರು,
ಅರ್ಧ ಡಬ್ಬಿ ಶೇವಿಂಗ್ ಕ್ರೀಮು,
ಮಂಚದಲ್ಲಿ ಅವನು ಮಲಗುತ್ತಿದ್ದ ಮಗ್ಗುಲು
– ಅದೂ ಎಡವೇ, ಹಾಳಾದ್ದು.
ಇಷ್ಟು ದೊಡ್ಡ ಭಾಷೆ,
ಇನ್ನೊಂದು ಪದ ಇಡಬಾರದಿತ್ತೇ?

ಮೂರು ದಾರಿ ಕೂಡುವಲ್ಲಿ ಮಂಜು. ವೈಪರು ಕಿರುಗುಟ್ಟಿತು.
ರಿಮಾಂತಸ್ ಕತ್ತು ಚಾಚಿ, ಎರಡು ಸಲ ನೋಡಿ,
ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ:
"ನಥಿಂಗ್ ಲೆಫ್ಟ್."

ಎಡಗಡೆಯಿಂದ ಏನೂ ಬರುತ್ತಿಲ್ಲ, ಎಂದು ಅವನ ಅರ್ಥ.
ಬೆರಿಲ್ ಗಾಜು ಒರೆಸಿದಳು. ತಾನೂ ನೋಡಿದಳು.
ಹೌದು. ಖಾಲಿ.
"ಮತ್ತೆ? ಹೊರಡು," ಎಂದಳು.